ಶಾಂತಾರಾಮನ ಸ್ಪೀಕರ್ ವ್ಯಾಪಾರ

ದೇವಿದಾಸ ಗೋಡೆಯ ಪ್ಲಗ್ಗಿನಿಂದ ಟೇಪ್‌ರೆಕಾರ್ಡರಿನ ವಯರು ಕಿತ್ತು, ಅದನ್ನು ಎರಡೂ ಕೈಯಲ್ಲಿ ಎತ್ತಿಕೊಂಡು, ಎಲ್ಲಿಡಬೇಕೆಂದು ತಿಳಿಯದೆ ನಡುಮನೆಯಲ್ಲಿ ನಿಂತಿದ್ದ. ಸಾವಿನ ಮನೆಯಲ್ಲಿ ಸೂತಕ ಕಳೆಯುವ ತನಕ ಹಾಡು ಕೂಡದು, ಯಾರಾದರೂ ಮರೆತು ಗುಂಡಿ ಒತ್ತಿಬಿಟ್ಟಾರು, ಅದನ್ನು ಅಟ್ಟಕ್ಕೆ ಹಾಕು ಎಂದು ಕಾಮಿ ಹೇಳಿದ್ದಳು. ಕಾಮಿ ಎಂದರೆ ಸತ್ತ ಶಾಂತಾರಾಮನ ಅಕ್ಕ, ಅಗಸೂರಿಗೆ ಕೊಟ್ಟ ಹೆಣ್ಣು. ಬೆಳಗಿನ ಮೊದಲ ಬಸ್ಸಿಗೇ ಕೇಣಿಗೆ ಬಂದು, ತಮ್ಮನ ತಲೆಯ ಹತ್ತಿರ ಕೂತು ಮನಸಾರೆ ಅತ್ತು, ಅಳು ಮುಗಿದ ಮೇಲೆ ಮನೆಯ ಯಜಮಾನಿಕೆ ವಹಿಸಿಕೊಂಡಿದ್ದಳು.

"ಈ ಡಬ್ಬಿ ಅಟ್ಟಕ್ಕೆ ಹೋತು. ಆ ಕಾರವಾರದ ದೊಡ್ಡ ಪೆಟ್ಟಿಗೆ ಕತೆ ಎಂತದು?" ಎಂದು ಕೇಳಿದಳು ಕಾಮಿ. "ತಗಂಡನೋ, ಇಲ್ವೋ?"

ಯಾರಿಗೂ ಗೊತ್ತಿರಲಿಲ್ಲ. ಗೊತ್ತಿದ್ದವನು ಚಾಪೆಯ ಮೇಲೆ ಬಿಳಿ ಪಂಚೆ ಹೊದ್ದು ಮಲಗಿದ್ದ.

ಹಿಂದಿನ ದಿನ ಮಧ್ಯಾಹ್ನ ಉಂಡು, ಇಸ್ತ್ರಿ ಅಂಗಿ ಹಾಕಿಕೊಂಡು, ಸ್ಪೀಕರಿನ ವಿಷಯ ಇವತ್ತು ಮುಗಿಸಿಯೇ ಬರುತ್ತೇನೆಂದು ಕಾರವಾರಕ್ಕೆ ಹೋದ ಶಾಂತಾರಾಮ, ಸಂಜೆ ಬಸ್ಸು ಅಂಕೋಲೆಯ ಸ್ಟ್ಯಾಂಡಿಗೆ ಬಂದು ಎಲ್ಲರೂ ಇಳಿದ ಮೇಲೂ ಕಿಟಕಿಗೆ ತಲೆಯಾನಿಸಿ ಕೂತೇ ಇದ್ದ. ಕಂಡಕ್ಟರ್ ನಿದ್ದೆಯೆಂದುಕೊಂಡು ಭುಜ ಅಲುಗಿಸಿದನಂತೆ. ದಾರಿಯಲ್ಲೆಲ್ಲೋ ಹೃದಯ ನಿಂತಿತ್ತು.

ಹೀಗಾಗಿ ಅವನ ವ್ಯಾಪಾರ ಏನಾಯಿತೆಂಬುದು ಕೇಣಿಗೆ ಬಂದು ಮುಟ್ಟಲಿಲ್ಲ. ಬಂದವರೆಲ್ಲ ಮೊದಲು ಅಳುವುದು, ಆಮೇಲೆ ಇದನ್ನೇ ಚರ್ಚಿಸುವುದು. ಹೆಣದ ಮುಂದೆ ಇಂಥ ಮಾತೇ ಎಂದು ಹುಬ್ಬೇರಿಸಬೇಕಾಗಿಲ್ಲ. ಮಗಳು ವಾಸ್ಕೋದಿಂದ ಬರುವ ತನಕ ಕಾಯಬೇಕು, ಕಾಯುವವರಿಗೆ ಬಾಯಿಗೆ ಏನಾದರೂ ಬೇಕು. ಶಾಂತಾರಾಮನ ಜೊತೆ ತಾಲೂಕು ಕಚೇರಿಯಲ್ಲಿ ಗುಮಾಸ್ತಿಕೆ ಮಾಡಿ ಜೊತೆಯಲ್ಲೇ ರಿಟೈರಾದ ದೇವಿದಾಸನ ಪ್ರಕಾರ, ಆತ ಈ ಸಲ ಹೌದು ಅಂದೇ ಅಂದಿರುತ್ತಾನೆ; ಮೊನ್ನೆ ತಾನೇ ಪಕ್ಕದ ಮನೆಯಿಂದ ತನ್ನನ್ನು ಕರೆದು ಈ ಗೋಡೆಗೆ ಅಳತೆ ಹಿಡಿಸಿದ್ದ. ಕಾಮಿ ಇದನ್ನು ಒಪ್ಪಲಿಲ್ಲ. ತಾಯಿಯ ಹೊಟ್ಟೆಯಿಂದ ಹೊರಬರುವುದಕ್ಕೂ ಮೀನಮೇಷ ಎಣಿಸಿ, ದಿನ ತುಂಬಿದ ಮೇಲೂ ಸೂಲಗಿತ್ತಿಯನ್ನು ಕಾಯಿಸಿದವನು ಅವನು, ಒಂದೇ ಮಧ್ಯಾಹ್ನದಲ್ಲಿ ಬದಲಾಗುತ್ತಾನೆಯೇ ಎಂದಳು. ಸುತ್ತ ಕೂತವರು ಮುಖ ತಗ್ಗಿಸಿ ಸಣ್ಣಗೆ ನಕ್ಕರು.

ಬೊಮ್ಮಿ ನಗಲಿಲ್ಲ. ಗಂಡನ ಕಾಲ ಬಳಿ ಗೋಡೆಗೊರಗಿ ಕೂತಿದ್ದಳು. ಅವಳೂ ಹಿಂದಿನ ಸಂಜೆಯಿಂದ ಅದೊಂದನ್ನೇ ಯೋಚಿಸುತ್ತಿದ್ದಳು. ಆದರೆ ಉಳಿದವರಿಗೆ ಅದು ಹೊತ್ತು ಕಳೆಯುವ ಮಾತು, ಅವಳಿಗೆ ಹಾಗಲ್ಲ. ಹೌದೆಂದು ಹೇಳಿ ಬಂದಿದ್ದರೆ, ಮನುಷ್ಯ ಕೊನೆಗೂ ತನಗೆ ಬೇಕಾದ್ದೊಂದನ್ನು ತಾನೇ ನಿಶ್ಚಯಿಸಿ ಖುಷಿಯಿಂದ ಬಸ್ಸು ಹತ್ತಿದ ಎಂದಾಗುತ್ತಿತ್ತು. ಬೇಡವೆಂದು ಬಂದಿದ್ದರೆ, ಆಸೆಯನ್ನು ಹೊಸಕಿ ಹಾಕಿ, ಹೆಂಡತಿಯ ಮಾತಿನ ಏಟು ತಿಂದುಕೊಂಡೇ ಸತ್ತ. ಇದು ತಿಳಿಯದೆ ಅವನನ್ನು ಸುಡಲು ಕಳಿಸುವುದು ಹೇಗೆಂದು ಅವಳಿಗೆ ಹೊಳೆಯಲಿಲ್ಲ.

"ದೇವಿದಾಸ ಭಾವ, ಕೋಡಿಬಾಗದವರಿಗೆ ಫೋನು ಮಾಡಿದ್ರಾ?" ಎಂದು ಮೆಲ್ಲಗೆ ಕೇಳಿದಳು.

ದೇವಿದಾಸ ಆಗಷ್ಟೇ ಹೊಸ ಮೊಬೈಲು ಕೊಂಡಿದ್ದ. ಅದಕ್ಕೆ ಸಿಗ್ನಲ್ಲು ಸಿಗುತ್ತಿದ್ದದ್ದು ಬಾವಿಕಟ್ಟೆಯ ಮೇಲೆ ನಿಂತರೆ ಮಾತ್ರ. ಅಲ್ಲಿ ನಿಂತೇ ಬೆಳಿಗ್ಗೆ ಹೇಳಿದ್ದೇನೆಂದೂ, ಸ್ಪೀಕರು ಮಾರುವ ಆ ಹರಿಶ್ಚಂದ್ರ ಕೂಡಲೇ ಹೊರಡುತ್ತೇನೆ ಅಂದನೆಂದೂ ತಿಳಿಸಿದ.

*

ಮಳೆಗಾಲಕ್ಕೆ ಮೊದಲು ಒಂದು ಭಾನುವಾರ ಶಾಂತಾರಾಮ ಅವಳನ್ನೂ ಕಾರವಾರದ ಕೋಡಿಬಾಗಕ್ಕೆ ಕರೆದುಕೊಂಡು ಹೋಗಿದ್ದ. ಹರಿಶ್ಚಂದ್ರನ ಅಣ್ಣ ಹಡಗಿನಲ್ಲಿ ಕೆಲಸಕ್ಕಿದ್ದವನು, ಹಿಂದೊಂದು ಕಾಲದಲ್ಲಿ ಇಂಗ್ಲೆಂಡಿನಿಂದ ಒಂದು ಜೋಡಿ ಸ್ಪೀಕರು ತಂದಿದ್ದ. ಆ ಅಣ್ಣ ತೀರಿಕೊಂಡು, ಅವನ ಮನೆ ಖಾಲಿ ಮಾಡಬೇಕಾಗಿ ಬಂದಾಗ ಅವು ಮಾರಾಟಕ್ಕೆ ಬಂದವು. ಸ್ಪೀಕರು ಎಂದರೆ ಬೊಮ್ಮಿ ಮದುವೆ ಚಪ್ಪರದ ಕಂಬಕ್ಕೆ ಕಟ್ಟುವ ಕಹಳೆಯಂಥದ್ದನ್ನು ನೆನೆಸಿಕೊಂಡು ಹೋಗಿದ್ದಳು. ಇವು ಅವಳ ಸೊಂಟದೆತ್ತರದ ಮರದ ಪೆಟ್ಟಿಗೆಗಳು, ಮುಂದೆ ಕಪ್ಪು ಬಟ್ಟೆ ಬಿಗಿದದ್ದು.

ಪೆಟ್ಟಿಗೆಗಳ ಎದುರು, ಎರಡಕ್ಕೂ ಸರಿಯಾದ ನಡುವೆ, ಒಂದೇ ಒಂದು ಬೆತ್ತದ ಕುರ್ಚಿಯಿತ್ತು. ಅದರಲ್ಲಿ ಕೂತರೇ ಇದರ ಮಜಾ ಎಂದು ಹರಿಶ್ಚಂದ್ರ ಹೇಳಿದ. ಶಾಂತಾರಾಮ ತಾನು ಕೂರದೆ ಹೆಂಡತಿಯನ್ನು ಕೂರಿಸಿದ.

ಗ್ರಾಮಫೋನಿನ ತಟ್ಟೆ ತಿರುಗಿತು. ಯಾರೋ ಒಬ್ಬ ಹೆಂಗಸು ಹಾಡಲು ಶುರುಮಾಡಿದಳು. ಬೊಮ್ಮಿ ಮನೆಯ ಟೇಪ್‌ರೆಕಾರ್ಡರಿನಲ್ಲಿ ಕೇಳದ ಹಾಡಲ್ಲ ಅದು. ಆದರೆ ಇಲ್ಲಿ ಆ ಹೆಂಗಸು ಪೆಟ್ಟಿಗೆಯೊಳಗಿಂದ ಹಾಡುತ್ತಿರಲಿಲ್ಲ. ಎರಡು ಪೆಟ್ಟಿಗೆಗಳ ನಡುವೆ, ಯಾರೂ ಇಲ್ಲದ ಜಾಗದಲ್ಲಿ, ನೆಲದ ಮೇಲೆ ಕೂತು ಹಾಡುತ್ತಿದ್ದಳು. ಉಸಿರು ಎಳೆದುಕೊಂಡದ್ದು ಕೇಳಿಸುತ್ತಿತ್ತು. ತಂಬೂರಿ ಮೀಟುವವಳ ಬಳೆ ಒಮ್ಮೆ ಸದ್ದು ಮಾಡಿತು. ಬೊಮ್ಮಿ ತನಗರಿವಿಲ್ಲದೆ ಕಣ್ಣು ಮುಚ್ಚಿದಳು. ಹಾಡು ಮುಗಿದಾಗ ಇನ್ನೊಮ್ಮೆ ಹಾಕಿ ಎಂದು ನಾಲಗೆ ತುದಿಗೆ ಬಂದಿತ್ತು. ಪರರ ಮನೆ, ಪರರ ಕುರ್ಚಿ, ಎದುರಿಗೆ ಗುರುತಿಲ್ಲದ ಗಂಡಸು.

"ಹ್ಯಾಂಗದೆ?" ಎಂದು ಗಂಡ ಕೇಳಿದಾಗ ಎದ್ದು ಸೆರಗು ಸರಿಮಾಡಿಕೊಂಡು, "ನಂಗೆಂತ ತಿಳೀತದೆ, ನಿಮ್ಮ ಖುಷಿ" ಅಂದುಬಿಟ್ಟಳು.

ಅಲ್ಲಿಂದ ಶುರುವಾಯಿತು ಶಾಂತಾರಾಮನ ಅಳೆದು ಸುರಿಯುವ ಕೆಲಸ. ಮಳೆಗಾಲವಿಡೀ ಬಿಡುವು ಸಿಕ್ಕಾಗಲೆಲ್ಲ ಕೊಡೆ ಹಿಡಿದು ಕೋಡಿಬಾಗಕ್ಕೆ ಹೋಗುವುದು, ಕೇಳಿ ಬರುವುದು, ಬಂದು ಹೆಂಡತಿಗೆ ವರದಿ ಒಪ್ಪಿಸುವುದು. ಬಟ್ಟೆ ತೆಗೆದು ನೋಡಿದರೆ ಒಳಗಿನ ಕಾಗದದ ಬಟ್ಟಲಿನ ಸುತ್ತ ಇರುವ ಸ್ಪಂಜಿನ ಅಂಚು ಹಳೆ ಹಪ್ಪಳದಂತೆ ಉದುರುತ್ತದೆ. ಮುಂಬಯಿಯಲ್ಲಿ ಹೊಸ ಅಂಚು ಕೂರಿಸುತ್ತಾರಂತೆ, ಆದರೆ ಹಳೆಯ ನಾದ ಉಳಿದೀತೇ? ಉಪ್ಪುಗಾಳಿಗೆ ಹಿಂದಿನ ತಿರುಪು ಹಸಿರುಗಟ್ಟಿವೆ, ಕೇಣಿಯ ಮನೆ ಸಮುದ್ರಕ್ಕೆ ಇನ್ನೂ ಹತ್ತಿರ. ಎಲ್ಲ ಹೇಳಿ ಮುಗಿಸಿ, ಕೊನೆಗೆ, "ತಗಳ್ವಾ ಬೊಮ್ಮಿ?" ಎಂದು ಕೇಳುವುದು. ಅವಳು ನಿಮ್ಮ ಖುಷಿ ಎನ್ನುವುದು. ಅವನು "ನೋಡ್ವಾ" ಎನ್ನುವುದು.

*

ಪ್ರತಿಯೊಂದಕ್ಕೂ ಇನ್ನೊಬ್ಬರನ್ನು ಕೇಳುವುದು ಅವನ ಹುಟ್ಟುಗುಣವಾಗಿತ್ತು. ಬಂದರಿಗೆ ಹೋಗಿ ಒಳ್ಳೇ ಬಂಗಡೆ ಕಂಡರೂ, ತರಲೋ ಬೇಡವೋ ಎಂದು ಮನೆಗೆ ಬಂದು ಕೇಳಿ, ತಿರುಗಿ ಹೋಗುವಷ್ಟರಲ್ಲಿ ಬುಟ್ಟಿ ಖಾಲಿಯಾಗಿರುತ್ತಿತ್ತು. ಹಳಿಯಾಳಕ್ಕೆ ಬಡ್ತಿ ಬಂದಾಗ ಅವಳನ್ನು ಕೇಳಿದ. ಅವಳು ಬೇಡ ಅಂದಳು, ಅವನು ಗುಮಾಸ್ತನಾಗಿಯೇ ಉಳಿದ. ಮಗಳಿಗೆ ಮೊದಲು ಬಂದ ಸಂಬಂಧ ಅವಳೇ ಒಪ್ಪಿದ್ದು. ನಿಶ್ಚಿತಾರ್ಥ ಮುರಿದು ಬಿತ್ತು. ಅವನು ಒಂದು ದಿನವೂ ನಿನ್ನಿಂದ ಹೀಗಾಯಿತು ಎನ್ನಲಿಲ್ಲ ನಿಜ, ಆದರೆ ಊರಿನವರು ಅನ್ನುತ್ತಿದ್ದರು. ಶಾಂತಾರಾಮನ ಕೈಯಲ್ಲಿ ಎಂತಿದೆ, ಎಲ್ಲ ಬೊಮ್ಮಿಯ ಕಾರುಬಾರು ಎಂದು. ಗಂಡ ತನ್ನನ್ನು ಕೇಳುವುದು ಮರ್ಯಾದೆಯೆಂದು ಮದುವೆಯಾದ ಹೊಸತರಲ್ಲಿ ಅವಳಿಗೆ ಅನ್ನಿಸಿದ್ದು ಬರಬರುತ್ತ ತಲೆಯ ಮೇಲಿನ ಹೊರೆಯಾಯಿತು.

ನಿನ್ನೆ ಗಂಜಿ ಬಡಿಸುವಾಗ ಅವನು ಮತ್ತೆ ಶುರುಮಾಡಿದ. ಗೋವಾದವರು ಯಾರೋ ಸ್ಪೀಕರಿಗೆ ಕಾಯುತ್ತಿದ್ದಾರಂತೆ, ಹರಿಶ್ಚಂದ್ರ ಇವತ್ತೇ ಒಂದು ನಿಶ್ಚಯ ಹೇಳಿ ಎಂದಿದ್ದಾನೆ, ಎಂತ ಹೇಳಲಿ? ಬೊಮ್ಮಿಯ ಕೈಯಲ್ಲಿ ಸೌಟಿತ್ತು. ಅದನ್ನು ಪಾತ್ರೆಗೆ ಕುಕ್ಕಿದಳು.

"ಹುಟ್ಟಿದ್ದಕ್ಕೆ ಇದೊಂದಾದ್ರೂ ನೀವೇ ನಿಶ್ಚಯ ಮಾಡಿ. ಮತ್ತೆ ನನ್ನ ಕೇಳೂದಾದ್ರೆ ಮನೆಗೇ ಬರಬೇಡಿ."

ಅವನು ಕೈ ತೊಳೆದ. ಅಂಗಿ ಹಾಕಿಕೊಂಡು ಹೋದ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎಂದು ಮಗಳಿಗೆ ನೂರು ಸಲ ಬುದ್ಧಿ ಹೇಳಿದವಳು ಬೊಮ್ಮಿಯೇ. ಮನೆಗೆ ಬರಬೇಡಿ ಎಂದಳು, ಅವನು ಬರಲಿಲ್ಲ. ನಾಲ್ಕು ಜನ ಹೊತ್ತು ತಂದರು. ಇದನ್ನು ಅವಳು ಕಾಮಿಗೂ ಹೇಳಿರಲಿಲ್ಲ, ಯಾರಿಗೂ ಹೇಳಿರಲಿಲ್ಲ. ಎದೆಯಲ್ಲಿ ಒಲೆ ಹೊತ್ತಿಸಿಟ್ಟಂತೆ ಉರಿಯುತ್ತಿತ್ತು.

*

ಹರಿಶ್ಚಂದ್ರ ಬಂದು, ಚಪ್ಪಲಿ ಬೇಲಿಯಾಚೆಯೇ ಬಿಟ್ಟು, ಹೆಣಕ್ಕೆ ಕೈಮುಗಿದು ಗಂಡಸರ ಸಾಲಿನಲ್ಲಿ ಕೂತ. ಬೊಮ್ಮಿ ಎದ್ದಳು. ಹೆಣ ಇರುವಾಗ ಹೆಂಡತಿ ಏಳಬಾರದೆಂದು ಕಾಮಿ ಸೆರಗು ಹಿಡಿದಳು. ಬೊಮ್ಮಿ ಸೆರಗು ಬಿಡಿಸಿಕೊಂಡು, ಅವರನ್ನು ಹಿತ್ತಲಿಗೆ ಕಳಿಸಿ ಎಂದು ದೇವಿದಾಸನಿಗೆ ಹೇಳಿ, ಅಡುಗೆಮನೆ ದಾಟಿ ಹೊರಗೆ ಹೋದಳು. ಒಲೆಯಲ್ಲಿ ಬೂದಿ ತಣ್ಣಗಾಗಿತ್ತು.

ಹರಿಶ್ಚಂದ್ರ ಬಾವಿಯಿಂದ ಸ್ವಲ್ಪ ದೂರದಲ್ಲೇ ನಿಂತ. ಏನೋ ಸಮಾಧಾನ ಹೇಳಲು ಬಾಯಿ ತೆರೆದವನನ್ನು ಅವಳು ತಡೆದಳು.

"ನಿನ್ನೆ ಅವ್ರು ಎಂತ ಹೇಳಿದ್ರು? ಹೌದೋ, ಅಲ್ವೋ?"

ಅವನು ನೆಲ ನೋಡಿದ. "ಎರಡೂ ಹೇಳ್ಲಿಲ್ಲ ವೈನಿ. ಒಂದು ದಿವಸ ತಡೀರಿ, ಬೊಮ್ಮಿ ಹತ್ರ ಕೇಳಿ ನಾಳೆ ಹೇಳ್ತೆ ಅಂದ್ರು."

ಬೊಮ್ಮಿ ಕಟ್ಟೆ ಹಿಡಿದು ನಿಂತಳು. ಇಡೀ ರಾತ್ರಿ ಅವಳು ಎರಡೇ ಉತ್ತರಗಳನ್ನು ತಿರುವಿ ಹಾಕಿದ್ದಳು. ಮೂರನೆಯದು ಅವಳಿಗೆ ಹೊಳೆದೇ ಇರಲಿಲ್ಲ. ಅಷ್ಟು ವರ್ಷ ಆ ಮನುಷ್ಯನ ಜೊತೆ ಬಾಳಿದವಳಿಗೆ ಮೊದಲು ಹೊಳೆಯಬೇಕಾಗಿದ್ದದ್ದು ಅದೇ. ಸತ್ತವನ ಮೇಲೆ ಅವಳಿಗೆ ಸಿಟ್ಟು ಬಂತು.

"ಕೇಳ್ಬೇಡಿ ಅಂತ ಹೇಳಿ ಕಳಿಸಿದ್ದೆ ನಾನು."

"ಅದೂ ಹೇಳಿದ್ರು. ಕೇಳಿದ್ರೆ ಮನೆಗೇ ಬರಬೇಡಿ ಅಂದಾಳೆ ಅಂತ ನಗಾಡಿದ್ರು." ಹರಿಶ್ಚಂದ್ರ ಒಳಗಿನವರಿಗೆ ಕೇಳದಂತೆ ದನಿ ತಗ್ಗಿಸಿದ. "ನಾನೇ ಕೇಳ್ದೆ, ನಿಮಗೆ ಮನಸ್ಸದೆಯಲ್ಲ, ಮತ್ತೆ ಕೇಳೂದು ಎಂತಕೆ ಅಂತ. ನಂಗೆ ಮೊದಲ ದಿವಸವೇ ಮನಸ್ಸಾಗ್ಯದೆ ಅಂದ್ರು. ಅವತ್ತು ಅವಳು ಆ ಕುರ್ಚಿ ಮೇಲೆ ಕಣ್ಣು ಮುಚ್ಚಿ ಕೂತಿದ್ದು ನಾ ನೋಡಿದ್ದೆ, ಅವಳಿಗೂ ಮನಸ್ಸದೆ, ಬಾಯಿ ಬಿಡೂದಿಲ್ಲ ಅಷ್ಟೇ. ನಾ ತಂದಿಟ್ರೆ ಅದು ನಂದಾತದೆ. ಅವಳ ಬಾಯಲ್ಲಿ ತಗೊಳ್ಳಿ ಅಂತ ಬಂದ್ರೆ ಮನೇದಾತದೆ ಅಂದ್ರು."

ಹರಿಶ್ಚಂದ್ರ ತಾನಾಗಿಯೇ, ಗೋವಾದವರಿಗೆ ಇನ್ನೂ ಮಾತು ಕೊಟ್ಟಿಲ್ಲ, ಈಗ ಆ ವಿಷಯ ತಲೆಗೆ ಹಚ್ಚಿಕೊಳ್ಳಬೇಡಿ ಎಂದು ಹೇಳಿ ಮುಂಬದಿಗೆ ಹೋದ. ಅವಳಿಗೆ ಅಳು ಬಂದದ್ದು ಆಗ. ಸೆರಗು ಬಾಯಿಗೊತ್ತಿಕೊಂಡು ಬಾವಿಕಟ್ಟೆಯ ಪಕ್ಕ ಕುಸಿದು ಕೂತಳು. ಮಳೆಗಾಲವಿಡೀ ಅವನು ಸ್ಪಂಜು, ತಿರುಪು, ಉಪ್ಪುಗಾಳಿ ಎಂದು ಹೇಳುತ್ತಿದ್ದದ್ದೆಲ್ಲ ಅವಳೆದುರು ಕಾಯುತ್ತ ಕೂರುವುದಕ್ಕೆ ಒಂದು ನೆಪವಾಗಿತ್ತು. ಒಂದು ಮಾತಿಗೆ ಕಾಯುತ್ತಿದ್ದ. ಅದು ಅವಳ ನಾಲಗೆ ತುದಿಯಲ್ಲೇ ಇತ್ತು, ಬಿಗುಮಾನಕ್ಕೆ ಹೊರಗೆ ಬಂದಿರಲಿಲ್ಲ.

*

ನಿಶಾ ವಾಸ್ಕೋದಿಂದ ಬಂದು ತಂದೆಯ ಮೇಲೆ ಬಿದ್ದು ಅತ್ತಳು. ಅವಳನ್ನು ಎಬ್ಬಿಸಿದ ಮೇಲೆ ಕೆಲಸ ಬೇಗಬೇಗ ಸಾಗಿತು. ದಾಯಾದಿಗಳಲ್ಲಿ ಹಿರಿಯನಾದ ಬೊಮ್ಮಯ್ಯ ನಿಂತು ಎಲ್ಲ ಮಾಡಿಸಿದ. ಅಂಗಳದಲ್ಲಿ ಮೀಯಿಸಿದರು, ಹೊಸ ಬಟ್ಟೆ ಹೊದಿಸಿದರು, ಬೊಮ್ಮಯ್ಯ ಹತ್ತಿ ಉಂಡೆ ಮಾಡಿ ಮೂಗಿಗೂ ಕಿವಿಗೂ ಇಟ್ಟ. ಬಿದಿರಿನ ಚಟ್ಟದ ಮೇಲೆ ಮಲಗಿಸಿ, ಒಬ್ಬೊಬ್ಬರೇ ಬಂದು ತುಳಸಿಯೆಲೆಯಿಂದ ಬಾಯಿಗೆ ನೀರು ಬಿಟ್ಟು, ಕಾಲು ಮುಟ್ಟಿ ಸರಿದರು. ಕಾಮಿ ಬಿಟ್ಟಳು, ನಿಶಾ ಬಿಟ್ಟಳು, ದೇವಿದಾಸ ಬಿಟ್ಟ. ಕೊನೆಗೆ ಹೆಂಡತಿಯ ಸರದಿ.

ಬೊಮ್ಮಿ ನೀರು ಬಿಟ್ಟಳು. ತುಟಿಯಂಚಿನಿಂದ ಜಾರಿದ್ದನ್ನು ಸೆರಗಿನಿಂದ ಒರೆಸಿದಳು. ಏಳುತ್ತಾಳೆಂದು ಕಾಮಿ ತೋಳು ಹಿಡಿಯಲು ಬಗ್ಗಿದಳು. ಬೊಮ್ಮಿ ಏಳಲಿಲ್ಲ. ಗಂಡನ ತಲೆಯನ್ನು ಸ್ವಲ್ಪ ತನ್ನ ಕಡೆ ಹೊರಳಿಸಿ, ಕಿವಿಯಲ್ಲಿಟ್ಟಿದ್ದ ಹತ್ತಿಯನ್ನು ಎರಡು ಬೆರಳಿನಿಂದ ಎಳೆದು ತೆಗೆದಳು.

ಅವಳು ಬಗ್ಗಿ, ಕಿವಿಗೆ ಬಾಯಿಟ್ಟು, ಅಡುಗೆಮನೆಯಿಂದ ಜಗಲಿಗೆ ಹೇಳುವಷ್ಟೇ ದನಿಯಲ್ಲಿ ಹೇಳಿದಳು.

"ನಂಗೂ ಮನಸ್ಸದೆ. ತಗೊಳ್ಳಿ."

ಬೇಲಿಯ ಹತ್ತಿರ ನಿಂತಿದ್ದ ಹರಿಶ್ಚಂದ್ರನಿಗೂ ಅದು ಕೇಳಿಸಿತು. ಅವನು ಮುಖ ತಿರುಗಿಸಿದ. ಬೊಮ್ಮಯ್ಯ ಹತ್ತಿಯನ್ನು ವಾಪಸು ಇಡಲೆಂದು ಅವಳ ಮುಂದೆ ಅಂಗೈ ಚಾಚಿದ. ಬೊಮ್ಮಿ ಕೊಡಲಿಲ್ಲ, ಮುಷ್ಟಿ ಬಿಗಿದುಕೊಂಡು ಎದ್ದು ನಿಂತಳು. ಮುದುಕ ಅವಳ ಮುಖವನ್ನೊಮ್ಮೆ, ಮುಷ್ಟಿಯನ್ನೊಮ್ಮೆ ನೋಡಿ, ಕೈ ಹಿಂದಕ್ಕೆ ತೆಗೆದುಕೊಂಡು, ಎತ್ತಿ ಎಂದು ಗಂಡಸರಿಗೆ ಸನ್ನೆ ಮಾಡಿದ. ನಾಲ್ವರು ಹೆಗಲು ಕೊಟ್ಟರು. ಒಂದು ಕಿವಿ ತೆರೆದೇ ಇದ್ದ ಶಾಂತಾರಾಮನನ್ನು ಹೊತ್ತುಕೊಂಡು ಅವರು ಅಂಗಳ ದಾಟಿದರು.