ಮುನಾವರ್ ಭಾಯಿಯ ರಸಮಟ್ಟ

ಶಿವಾಜಿನಗರದ ಮುನಾವರ್ ಭಾಯಿಗೆ ಮರಗೆಲಸದಲ್ಲಿ ಎಷ್ಟು ಹೆಸರಿತ್ತೋ, ಅದಕ್ಕಿಂತ ಒಂದು ಗೇಣು ಹೆಚ್ಚೇ ಜಂಬವಿತ್ತು. ಜಂಬಕ್ಕೆ ಕಾರಣ ಅಬ್ಬಾ ಬಿಟ್ಟುಹೋದ ರಸಮಟ್ಟ. ಅದರ ಗಾಜಿನೊಳಗಿನ ಗುಳ್ಳೆ ನಡುವೆ ನಿಂತರೆ ಮುಗಿಯಿತು, ಆ ಹಲಗೆ ಸಮ. ಮತ್ತೆ ಯಾರೂ ತುಟಿ ಬಿಚ್ಚುವ ಹಾಗಿಲ್ಲ.

ಎರಡು ಸಾವಿರದ ನಾಲ್ಕರಲ್ಲಿ ಅವನನ್ನು ಕಲ್ಯಾಣ ನಗರಕ್ಕೆ ಕರೆಸಿದವನು ಕೇದಾರ್, ಕಲಬುರ್ಗಿ ಕಡೆಯ ಎಂಜಿನಿಯರು. ಕಾರವಾರಕ್ಕೆ ವರ್ಗವಾದಾಗ ಎಲ್ಲರೂ ಬಾಡಿಗೆ ಮನೆ ಹುಡುಕುತ್ತಾರೆ. ಈ ಮಹಾರಾಯ ಹಳೆಯದೊಂದು ಹಾಯಿದೋಣಿ ಕೊಂಡು, ಮನೆ ಪಕ್ಕದ ಖಾಲಿ ಸೈಟಿನಲ್ಲಿ ದಿಮ್ಮಿಗಳ ಮೇಲೆ ನಿಲ್ಲಿಸಿಕೊಂಡಿದ್ದ. ಸಂಸಾರ ಅದರೊಳಗೇ ಅಂತೆ!

ಹೆಂಡತಿ ಅಂಜಲಿ ಎರಡು ಷರತ್ತು ಹಾಕಿದ್ದಳು. "ಒಲಿ ಮ್ಯಾಲಿನ ಸಾರು ಚೆಲ್ಲಿದ್ರ ನಾ ಬರಂಗಿಲ್ಲ. ನಮ್ಮವ್ವನ ರುಬ್ಬೋ ಕಲ್ಲು ಬಿಟ್ಟೂ ಬರಂಗಿಲ್ಲ."

"ಕಲ್ಲು ಬ್ಯಾಡ, ದೋಣಿಗೆ ಭಾರ," ಎಂದು ಕೇದಾರ್ ಒಂದನ್ನು ಅಲ್ಲೇ ತಳ್ಳಿಹಾಕಿದ.

ಇನ್ನೊಂದನ್ನು ಮುನಾವರ್ ಮೈಮೇಲೆ ಎಳೆದುಕೊಂಡ. "ಮೇಡಮ್, ನೀರಿಗಿಳಿದ ದಿನ ಟೀ ಲೋಟ ಕಂಠಪೂರ್ತಿ ತುಂಬಿಸಿಡಿ. ಒಂದ್ ಹನಿ ಚೆಲ್ಲಿದ್ರೆ ಅಬ್ಬಾನ ರಸಮಟ್ಟ ಅದೇ ನೀರಿಗೆ ಹಾಕ್ಬಿಡ್ತೀನಿ."

ಕೇದಾರ್ ಹಗಲೆಲ್ಲ ಆಫೀಸಿನಲ್ಲಿ. ಮುನಾವರ್ ಒಬ್ಬನೇ ದೋಣಿಯ ಹೊಟ್ಟೆಯೊಳಗೆ. ರಸಮಟ್ಟ ಇಟ್ಟು ನೋಡಿದರೆ ಒಂದು ಹಲಗೆಯೂ ನೆಟ್ಟಗಿಲ್ಲ! ಹಳೇ ಬಡಗಿಯನ್ನು ಮನಸಾರೆ ಬೈದು, ಎಲ್ಲ ಬಿಚ್ಚಿ ಸಮ ಮಾಡಿದ. ಒಬ್ಬರೇ ಮುದುಡಿ ಮಲಗುವಂತಿದ್ದ ಹಲಗೆ ಇಬ್ಬರ ಮಂಚವಾಯಿತು. ನಕಾಶೆ ಹರಡುವ ಮೇಜಿನ ಮೇಲೆ ಕಂಪ್ಯೂಟರಿಗೆ ಜಾಗವಾಯಿತು. ಇದ್ದಿಲೊಲೆ ಹೋಗಿ ಗ್ಯಾಸು ಬಂತು, ಬೆಂಚಿನಡಿ ಪುಟ್ಟ ಫ್ರಿಜ್ಜು ಕೂತಿತು. ತೇಗ ಮಾತ್ರ ಹಳೆಯದೇ, ಅದನ್ನು ಬಿಸಾಡಲು ಅವನಿಗೆ ಮನಸ್ಸು ಬರಲಿಲ್ಲ.

ಕಾರವಾರಕ್ಕೆ ಸಾಗಿಸುವ ಮೊದಲು ಒಂದು ಬೆಳಗಿನ ಮಟ್ಟಿಗೆ ಅನುಮತಿ ಪಡೆದು, ದೋಣಿಯನ್ನು ಹಲಸೂರು ಕೆರೆಗೆ ಇಳಿಸಿ ಮೆಟ್ಟಿಲ ಬಳಿ ಕಟ್ಟಿದರು. ಅಂಜಲಿ ಮೇಜಿನ ಮೇಲೆ ಲೋಟವಿಟ್ಟು, ಫ್ಲಾಸ್ಕಿನಿಂದ ಅದರ ತುಂಬ ಟೀ ಬಗ್ಗಿಸಿದಳು. ಟೀ ದೋಣಿಯ ಮೂತಿಯ ಕಡೆಗೆ ಚೆಲ್ಲಿತು. ಪೂಜೆಗೆಂದು ಪಕ್ಕದಲ್ಲಿಟ್ಟಿದ್ದ ನಿಂಬೆಹಣ್ಣೂ ಅತ್ತಲೇ ಉರುಳಿತು.

ಮುನಾವರ್‌ನ ಮುಖ ಸಣ್ಣಗಾಯಿತು.

"ಭಾಯಿ, ಸೈಟಿನಾಗೇ ರಸಮಟ್ಟ ಹಿಡಿದ್ರೇನು?" ಕೇದಾರ್ ಹಣೆ ಚಚ್ಚಿಕೊಂಡ. "ಮಳೆ ನೀರು ಹಿಂದಕ್ಕ ಹರೀಲಿ ಅಂತ ನಾನೇ ಅದರ ಮೂತಿ ಎತ್ತಿ ನಿಲ್ಲಿಸಿದ್ದೆ!"

ಅಂದರೆ ಸೊಟ್ಟಗಿದ್ದದ್ದು ಹಲಗೆಗಳಲ್ಲ, ದೋಣಿ. ನಲವತ್ತು ವರ್ಷ ಮನೆಗಳಲ್ಲೇ ಕೆಲಸ ಮಾಡಿದವನಿಗೆ, ನೆಲವೇ ಓರೆಯಾಗಿರಬಹುದೆಂದು ಹೊಳೆದಿರಲಿಲ್ಲ. ಅವನಿಗೆ ನಾಚಿಕೆಯಾಯಿತು, ಅಳುವೂ ಬಂತು. ಆದರೆ ಮಾತು ಮಾತೇ. ಚೀಲದಿಂದ ರಸಮಟ್ಟ ತೆಗೆದು, ಕಣ್ಣಿಗೊತ್ತಿಕೊಂಡು, ಕೈ ಎತ್ತಿದ.

"ತಡೀರಿ ಭಾಯಿ!" ಅಂಜಲಿ ದಡದ ಟೆಂಪೋದತ್ತ ಕೂಗಿದಳು. ನಾಲ್ವರು ಆಳುಗಳು ಏದುಸಿರು ಬಿಡುತ್ತ ಗೋಣಿಚೀಲ ಸುತ್ತಿದ ಕಲ್ಲೊಂದನ್ನು ಹೊತ್ತು ತಂದರು. ಗಂಡನ ಕಣ್ಣು ತಪ್ಪಿಸಿ ತಂದ ಅವ್ವನ ರುಬ್ಬೋ ಕಲ್ಲು.

"ಹಿಂದ್ಗಡೆ ಇಡ್ರಿ, ತುದೀಗೆ."

ಕಲ್ಲು ಕೂತಂತೆ ದೋಣಿಯ ಹಿಂಬದಿ ತಗ್ಗಿ, ಮೂತಿ ಮೆಲ್ಲಗೆ ಎದ್ದಿತು. ಮುನಾವರ್ ರಸಮಟ್ಟವನ್ನು ಮೇಜಿನ ಮೇಲಿಟ್ಟ. ಗುಳ್ಳೆ ತೆವಳುತ್ತ ಬಂದು ನಡುವೆ ನಿಂತಿತು. ಅಂಜಲಿ ಮತ್ತೊಂದು ಲೋಟ ಅಂಚಿನವರೆಗೆ ತುಂಬಿಸಿದಳು. ಒಂದು ಹನಿಯೂ ಚೆಲ್ಲಲಿಲ್ಲ.

"ಭಾರ ಅಂದಿದ್ರಲ್ರೀ," ಅವಳು ಗಂಡನತ್ತ ತಿರುಗಿದಳು. "ಇಳಿಸಿಬಿಡ್ಲೇನು?"

"ಬ್ಯಾಡ ತಾಯಿ, ಅಲ್ಲೇ ಇರ್ಲಿ," ಎಂದ ಕೇದಾರ್.

ಮುನಾವರ್ ರಸಮಟ್ಟವನ್ನು ಒರೆಸಿ ಚೀಲಕ್ಕಿಟ್ಟು, ಆ ಟೀಯನ್ನು ತಾನೇ ಕುಡಿದ.