ಐದನೇ ಕೊಂಡಿ

"ಕ್ಯಾರವಾನನ್ನ ಗಾಡಿಗೆ ಕಟ್ಟೋ ಹಳೇ ಹಿಚ್ಚು ಸವೆದುಹೋಗಿದೆ ಕಣೇ. ಹೊಸದು ಹಾಕಿಸ್ದೆ ನಲ್ಲಾರ್ಬರ್ ಬಯಲು ದಾಟೋ ಮಾತೇ ಇಲ್ಲ" ಎಂದು ಕ್ಲೈವ್ ಎರಡು ದಿನದಿಂದ ಒಂದೇ ರಾಗ ಹಾಡುತ್ತಿದ್ದ.

ಹೆಂಡತಿ ನೋಲೀನ್‌ಗೆ ಅದರಲ್ಲಿ ತಕರಾರಿರಲಿಲ್ಲ. ಮೊನ್ನೆ ಎದುರಿನಿಂದ ಮೂರು ಡಬ್ಬಿಯ ಲಾರಿಯೊಂದು ಹಾದುಹೋದಾಗ ಅವರ ಕ್ಯಾರವಾನ್ ಬಾಲದಂತೆ ಅತ್ತಿತ್ತ ಬೀಸಿತ್ತು. ಗಾಡಿ ನಿಂತ ಮೇಲೆ ಇಳಿದು, ರಸ್ತೆ ಬದಿಯ ಕಲ್ಲಿನ ಮೇಲೆ ಕೂತು, ಅವಳು ಒಂದೇ ಮಾತು ಹೇಳಿದ್ದಳು: "ಇದು ಸರಿಹೋಗ್ದಿದ್ರೆ ನಾನು ಪೋರ್ಟ್ ಅಗಸ್ಟಾದಲ್ಲಿ ಬಸ್ ಹತ್ತಿ ಮನೆಗೆ ಹೋಗ್ತೀನಿ. ಹೂವು ನೋಡೋಕೆ ನೀನೊಬ್ನೇ ಹೋಗು."

ಹನ್ನೊಂದು ವರ್ಷದಿಂದ, ವಸಂತ ಬಂತೆಂದರೆ ಇಬ್ಬರೂ ಕ್ಯಾರವಾನ್ ಕಟ್ಟಿಕೊಂಡು ಪಶ್ಚಿಮದ ಕಾಡುಹೂ ನೋಡಲು ಹೊರಡುವವರು. ಅಂಥವಳ ಬಾಯಲ್ಲಿ ಬಸ್ಸಿನ ಮಾತು ಬಂದಿತ್ತು.

ಪೋರ್ಟ್ ಅಗಸ್ಟಾದ ಹಿಚ್ಚಿನ ಅಂಗಡಿಯ ದಾರ್ಕೊ ಮಾತಿನ ಮಲ್ಲ, ಆದರೆ ಕೆಲಸದಲ್ಲಿ ಅಳತೆಪಟ್ಟಿ ಬಿಟ್ಟು ಯಾರನ್ನೂ ನಂಬುವವನಲ್ಲ. ಕ್ಯಾರವಾನ್ ಬಿಚ್ಚಿಸಿ ಗಾಡಿಯ ಮುಂಚಕ್ರದ ಮೇಲಿನ ಎತ್ತರ ಅಳೆದ. ಮತ್ತೆ ಕಟ್ಟಿಸಿ ಅಳೆದ.

"ನಾಲ್ಕು ಬೆರಳು ಎದ್ದಿದೆ ನೋಡಿ. ಕ್ಯಾರವಾನಿನ ಮೂಕಿ ಹಿಂದೆ ಒತ್ತಿದ್ರೆ ಗಾಡಿ ಮೂತಿ ಮೇಲೇಳತ್ತೆ. ಮುಂಚಕ್ರಕ್ಕೆ ನೆಲದ ಮೇಲೆ ಹಿಡಿತವೇ ಇಲ್ಲ. ಬಾಲ ಬೀಸ್ದೆ ಇನ್ನೇನು ಮಾಡತ್ತೆ?"

"ಹಿಂದಿನ ಸ್ಪ್ರಿಂಗಿಗೆ ಗಾಳಿಚೀಲ ಹಾಕ್ಬಿಟ್ರೆ ಸಾಲಲ್ವಾ?" ಎಂದ ಕ್ಲೈವ್.

"ಬೆನ್ನು ನೆಟ್ಟಗಾಗತ್ತೆ, ಮುಂದಕ್ಕೆ ಭಾರ ವಾಪಸ್ ಬರಲ್ಲ. ಭಾರ ಹಂಚೋ ಹಿಚ್ಚೇ ಬೇಕು. ಎರಡು ಸ್ಪ್ರಿಂಗ್ ಸರಳು, ಎರಡು ಸರಪಳಿ."

"ಸರಪಳಿ ಇಲ್ದೇ ಇರೋದು ತೋರ್ಸು" ಎಂದು ಕ್ಲೈವ್ ಗೋಡೆಯ ಮೇಲಿನ ಹೊಸ ಮಾದರಿಯ ಕಡೆ ಬೆರಳು ಮಾಡಿದ.

"ಅದರಲ್ಲೂ ಸರಳನ್ನ ಕೈಯಲ್ಲೇ ಎತ್ತಿ ಕೂರಿಸ್ಬೇಕು ಗುರುವೇ. ಮೊದಲು ನಿಮ್ಮ ಹಳೇದು ಎಷ್ಟು ಸವೆದಿದೆ ನೋಡೋಣ."

"ಅದ್ಯಾಕೆ ಈಗ? ಗುಜರಿ ಅದು."

ನೋಲೀನ್ ಅಷ್ಟರಲ್ಲಿ ಗಾಡಿಯ ಹಿಂಬದಿಯ ಟಾರ್ಪಾಲು ಸರಿಸಿದ್ದಳು. ಗೋಣಿಯಲ್ಲಿ ಸುತ್ತಿಟ್ಟ ಎರಡು ಸರಳುಗಳ ನಡುವೆ ಜೇಡ ಹಾಯಾಗಿ ಬಲೆ ಹೆಣೆದುಕೊಂಡಿತ್ತು. ದಿನಾ ಹಾಕಿ ಬಿಚ್ಚುವ ಸರಳಿಗೆ ಜೇಡ ಎಲ್ಲಿಂದ ಬರಬೇಕು?

ದಾರ್ಕೊ ಅವುಗಳನ್ನು ತಿರುಗಿಸಿ, ತಟ್ಟಿ, ಸರಪಳಿ ಎಳೆದು ನೋಡಿದ. "ಇದಕ್ಕೇನಾಗಿದೆ? ನಿಮ್ಮ ಕ್ಯಾರವಾನಿನ ಭಾರಕ್ಕೆ ಇದೇ ಸರಿ. ಇನ್ನೂ ಹತ್ತು ವರ್ಷ ಬರತ್ತೆ."

ಕ್ಲೈವ್ ಟೋಪಿ ತೆಗೆದು ಮತ್ತೆ ಹಾಕಿಕೊಂಡ, ಬಲಗೈಯಲ್ಲೇ. ಎಡಚನಾದ ಅವನು ಎಷ್ಟು ದಿನದಿಂದ ಹೀಗೆ? ಅಂಗಿ ತೊಡುವಾಗ ಬೆನ್ನು ತಿರುಗಿಸುತ್ತಿದ್ದದ್ದು ಅವಳಿಗೆ ಈಗ ಹೊಳೆಯಿತು. ಈ ಪ್ರಯಾಣದಲ್ಲಿ ಪ್ರತಿದಿನ ಹೊರಡುವ ಮುಂಚೆ "ನೀನು ಸ್ನಾನ ಮಾಡ್ಕೊಂಡು ಬಾ, ಬಿಸಿನೀರು ಖಾಲಿಯಾಗತ್ತೆ" ಎಂದು ಅವಳನ್ನು ಅಟ್ಟುತ್ತಿದ್ದ. ಎಪ್ಪತ್ತಕ್ಕೆ ಗಂಡನಿಗೆ ಅಕ್ಕರೆ ಉಕ್ಕಿದೆ ಎಂದುಕೊಂಡಿದ್ದಳು, ಪೆದ್ದಿ.

"ತೋಳು ಏಳ್ತಿಲ್ಲ, ಅಲ್ವಾ?"

"ಭುಜ... ಸ್ವಲ್ಪ ಹಿಡ್ಕೊಂಡಿದೆ."

"ಸರಪಳಿ ಎತ್ತೋಕಾಗ್ದೆ, ಸರಳಿಲ್ದೇನೇ ನನ್ನನ್ನ ಇಲ್ಲೀತನಕ ಎಳ್ಕೊಂಡು ಬಂದ್ಯಾ? ಸಾಯಿಸ್ಬಿಡ್ತಿದ್ದೆಯಲ್ಲೋ!"

ಕ್ಲೈವ್ ನೆಲ ನೋಡಿದ. "ಆಗಲ್ಲ ಅಂದ್ರೆ ನೀನು ಕ್ಯಾರವಾನ್ ಮಾರೋಣ ಅಂತೀಯ. ಅದು ಹೋದ್ರೆ ನನಗಿನ್ನೇನಿದೆ ನೋಲ್?"

ಅವಳಿಗೆ ಮೈಯೆಲ್ಲ ಉರಿಯಿತು. ಆ ಉರಿಯ ನಡುವೆಯೇ ಅಯ್ಯೋ ಅನ್ನಿಸಿತು. ನಲವತ್ತು ವರ್ಷ ಕುರಿ ಉಣ್ಣೆ ಕತ್ತರಿಸಿದ ತೋಳು ಅದು. ಸೋತೆ ಎಂದು ಹೇಳುವುದನ್ನು ಅದಕ್ಕೆ ಯಾರೂ ಕಲಿಸಿರಲಿಲ್ಲ.

"ಹೊಸದು ಬೇಡ ದಾರ್ಕೊ. ಇದನ್ನ ಹಾಕೋದು ನನಗೆ ಕಲ್ಸು" ಎಂದಳು.

"ಅಬ್ಬಾ, ಯಜಮಾನಿ ಬಂದ್ರು!" ದಾರ್ಕೊ ನಕ್ಕ. "ಇದಕ್ಕೆ ಶಕ್ತಿ ಬೇಕಿಲ್ಲಮ್ಮ. ಕೊಕ್ಕೆ ಬಿಗಿದ ಮೇಲೆ ಮೂಕಿ ಕೆಳಗಿನ ಪುಟ್ಟ ಚಕ್ರದ ಹಿಡಿ ತಿರುಗಿಸ್ತಾ ಹೋಗಿ. ಕ್ಯಾರವಾನಿನ ಜೊತೆ ಗಾಡಿಯ ಹಿಂಭಾಗವೂ ಏಳತ್ತೆ. ಆಗ ಸರಳು ತಾನೇ ಸಡಿಲ ಆಗತ್ತೆ. ಸರಪಳಿಯ ಐದನೇ ಕೊಂಡಿ ಸಿಕ್ಕಿಸಿ, ಪಿನ್ ಹಾಕಿ. ಈ ಉಪಾಯ ಗಂಡಸರಿಗೆ ಹೇಳಿದ್ರೆ ಅವಮಾನ ಅಂತಾರೆ, ಜಗ್ಗಿ ಜಗ್ಗಿ ಬೆನ್ನು ಮುರ್ಕೋತಾರೆ."

ಮೊದಲ ಸಲ ಬೆರಳು ಜಜ್ಜಿಕೊಂಡಳು. ಎರಡನೆಯ ಸಲ ಕೊಂಡಿ ಎಣಿಸುವುದರಲ್ಲಿ ತಪ್ಪಿದಳು. ಮೂರನೆಯ ಸಲ ಸರಪಳಿ ಟಕ್ಕೆಂದು ಕೂತಿತು. ಅಳೆದು ನೋಡಿದರೆ ಗಾಡಿಯ ಮೂತಿ ಮೂರು ಬೆರಳು ಇಳಿದಿತ್ತು. ಕ್ಲೈವ್ ದೂರದಲ್ಲಿ ಟೋಪಿ ಹಿಂಡುತ್ತ ನಿಂತಿದ್ದ.

ಮರುದಿನ ಬೆಳಗ್ಗೆ, ನಲ್ಲಾರ್ಬರ್ ಅಂಚಿನ ಸೆಡ್ಯೂನಾದ ಕ್ಯಾರವಾನ್ ಬಿಡಾರದಲ್ಲಿ, ಟೋಸ್ಟು ಚಹಾ ಮುಗಿಸಿ, ನೋಲೀನ್ ಅವನ ಹೆಗಲ ಮೇಲೆ ಟವಲು ಹಾಕಿದಳು.

"ಸ್ನಾನ ಮಾಡ್ಕೊಂಡು ಬಾ. ಬಿಸಿನೀರು ಖಾಲಿಯಾಗತ್ತೆ."

ಕ್ಲೈವ್ ಹೋದ. ಅವಳು ಹಿಚ್ಚಿನ ಪಕ್ಕ ಮಣ್ಣಿನಲ್ಲಿ ಮೊಣಕಾಲೂರಿದಳು. ಪಕ್ಕದ ಕ್ಯಾರವಾನಿನವನು ಕಾಫಿ ಲೋಟ ಹಿಡಿದು ಹತ್ತಿರ ಬಂದ. "ಎಲ್ಲಮ್ಮ ನಿಮ್ಮ ಮನೆಯವ್ರು? ನಾನು ಎತ್ಕೊಡ್ಲಾ?"

"ಬೇಡಪ್ಪ" ಎಂದಿತು ಅವಳ ಹಿಂದಿನಿಂದ ಒಂದು ದನಿ. "ನಮ್ಮನೇಲಿ ಅದು ಅವಳ ಕೆಲಸ. ನನಗೆ ಆಗಲ್ಲ."

ನೋಲೀನ್ ಎರಡನೆಯ ಪಿನ್ ಸಿಕ್ಕಿಸಿ ತಿರುಗಿದಳು. ಕ್ಲೈವ್ ನಿಂತಿದ್ದ, ತಲೆಗೂದಲು ಒಣಗಿಯೇ ಇತ್ತು, ಟವಲಿನ ಮಡಿಕೆ ಬಿಚ್ಚಿರಲಿಲ್ಲ.

"ಐದನೇದಾ?" ಎಂದ.

"ಐದನೇದೇ."

"ಎರಡೂ ಕಡೆ?"

"ಎರಡೂ ಕಡೆ. ಬೇಕಾದ್ರೆ ಎಣಿಸ್ಕೋ."

ಅವನು ಎಣಿಸಲಿಲ್ಲ. ಬಲಗೈಯಲ್ಲಿ ಗಾಡಿಯ ಅವಳ ಬದಿಯ ಬಾಗಿಲು ತೆರೆದು ಹಿಡಿದ. ಅವಳು ಮೊಣಕಾಲಿನ ಮಣ್ಣು ಕೊಡವಿ, ಹತ್ತಿ ಕೂತು, ಬೆಲ್ಟು ಬಿಗಿದುಕೊಂಡಳು.