ಉದ್ದ ತೋಳಿನ ಅಂಗಿ

ತವರಿಗೆ ಬಂದಿದ್ದ ಮಗಳು ಅಮ್ಮನ ಅಂಗಿ ಬದಲಿಸಲು ತೋಳು ಸರಿಸಿದವಳು ಹಾಗೇ ನಿಂತುಬಿಟ್ಟಳು. ತೊಂಬತ್ತರ ಮುದುಕಿಯ ಬಡಕಲು ತೋಳಿನ ಮೇಲೆ ನೇರಳೆ ಕಲೆಗಳು, ಬೆರಳೂರಿದ ಹಾಗೆ.

“ಯಾರು ಹಿಂಡಿದ್ದು?”

ಹೊಲಿಗೆ ಮೆಷಿನ್ ಮುಂದಿದ್ದ ಸೊಸೆ ತಲೆಯೆತ್ತಿದಳು. “ಯಾರೂ ಇಲ್ಲ ಅಕ್ಕ. ಸ್ಟ್ರೋಕ್ ಆದ್ಮೇಲೆ ರಕ್ತ ಹೆಪ್ಪುಗಟ್ಟದ ಹಾಗೆ ಮಾತ್ರೆ ಕೊಟ್ರಲ್ಲ, ಅದರದ್ದು. ಎಬ್ಬಿಸೋಕೆ ಹಿಡಿದ್ರೂ ಸಾಕು, ಕಲೆ ಏಳುತ್ತೆ.”

“ಮಾತ್ರೆಗೆ ಬೆರಳಿದ್ಯೇನೇ?”

ಆ ಮಾತು ಕಿಟಕಿ ದಾಟಿ ಬೀದಿಗಿಳಿಯಿತು. ಬೀದಿಗೆ ಬೇಕಾಗಿದ್ದೂ ಅದೇ. ಮುದುಕಿ ಬಾಯಿ ಸೊಟ್ಟಗಾಗಿ ಬಿದ್ದ ದಿನ ಒಂದು ಲೋಟ ನೀರು ತಂದು ಕೊಡದವರೆಲ್ಲ ಈಗ ನ್ಯಾಯ ಹೇಳುವವರಾದರು. ಹೊಲಿಯಲು ಕೊಟ್ಟ ಬಟ್ಟೆಯನ್ನು ಅರ್ಧಕ್ಕೇ ವಾಪಸು ಒಯ್ದರು. “ಮುದುಕಿ ಮೇಲೆ ಕೈ ಮಾಡೋಳ ಕೈಗೆ ನಮ್ಮ ಬಟ್ಟೆ ಯಾಕೆ?” ಎಂದಳು ಎದುರುಮನೆಯಾಕೆ, ಕೇಳಿಸಲಿ ಎಂದೇ.

ಸೊಸೆ ಮೊದಲು ಅತ್ತೆಗೆ ಮಣಿಕಟ್ಟು ಮುಚ್ಚುವಷ್ಟು ಉದ್ದ ತೋಳಿನ ಅಂಗಿ ಹೊಲಿದಳು. ಅದಕ್ಕೂ ಬಾಯಿಗಳು ಮುಚ್ಚದಿದ್ದಾಗ ಮಾತ್ರೆಯನ್ನೇ ನಿಲ್ಲಿಸಿದಳು.

“ಇರಲಿ ಬಿಡು,” ಎಂದ ಬಸ್ ಓಡಿಸುವ ಗಂಡ. “ತೊಂಬತ್ತರ ಜೀವ. ಇನ್ನೆಷ್ಟು ದಿನ ಅಂತ ನುಂಗಿಸ್ತೀಯ?”

ಮೂಲೆಯಲ್ಲಿ ಕೂತಿದ್ದ ಮುದುಕಿ ಸ್ವಾಧೀನವಿದ್ದ ಒಂದು ಕೈ ಚಾಚಿದಳು. “ಬಾಯಿ ಸೊಟ್ಟಗಾಗಿದೆ, ಕಿವಿ ಅಲ್ಲ ಕಣೋ. ಕೊಡು ಮಾತ್ರೆ.”

ಯಾರೂ ಕೊಡಲಿಲ್ಲ.

ಕಲೆಗಳು ಮಾಸಿದವು. “ನೋಡಿದ್ಯಾ? ನಾನು ಜೋರು ಮಾಡಿದ್ಮೇಲೆ ಹೇಗೆ ಮಾಯವಾಯ್ತು!” ಎನ್ನುತ್ತ ಮಗಳು ಅಮ್ಮನ ಕೈಗೆ ಚಹಾದ ಲೋಟ ಕೊಟ್ಟಳು. ಲೋಟ ಜಾರಿತು. ಮುದುಕಿ ಏನೋ ಹೇಳಹೊರಟಳು. ತೊದಲಿದ ಮಾತು ಬರೀ ಸದ್ದಾಯಿತು.

ಆಸ್ಪತ್ರೆಯಲ್ಲಿ ಸ್ಕ್ಯಾನ್ ಮುಗಿಯುವಷ್ಟರಲ್ಲಿ ಮುದುಕಿಗೆ ಮಾತು ಮರಳಿತು. ಡಾಕ್ಟರಮ್ಮ ಮುಖ ಗಂಟಿಕ್ಕಿದರು. “ಮಾತ್ರೆ ನಿಲ್ಲಿಸಿದ್ದು ಯಾರು?”

“ನಾನು,” ಎಂದಳು ಸೊಸೆ. “ನಿಲ್ಲಿಸೋ ಹಾಗೆ ಮಾಡಿದ್ದು ಇವರು.”

“ನನ್ನ ತಲೆಗೆ ಕಟ್ಬೇಡ! ಅಂಥಾ ಕಲೆ ನೋಡಿದ್ರೆ ಯಾವ ಮಗಳು ಸುಮ್ಮನಿರ್ತಾಳೆ?”

“ಕೇಳಿದ್ದು ತಪ್ಪಲ್ಲ. ನಮ್ಮನ್ನ ಕೇಳ್ಬೇಕಿತ್ತು, ಬೀದೀನಲ್ಲ,” ಡಾಕ್ಟರಮ್ಮ ಕಡಿದಂತೆ ಹೇಳಿದರು. “ಇವರ ಎದೆಬಡಿತ ತಾಳ ತಪ್ಪಿದೆ. ಹೃದಯದಲ್ಲಿ ಹೆಪ್ಪುಗಟ್ಟಿದ ರಕ್ತ ಮೆದುಳಿಗೆ ಹೋಗುತ್ತೆ. ಈ ಸಲ ಬರೀ ಎಚ್ಚರಿಕೆ ಕೊಟ್ಟು ಬಿಟ್ಟಿದೆ. ವಯಸ್ಸಾದಷ್ಟೂ ಮತ್ತೆ ಸ್ಟ್ರೋಕ್ ಹೊಡೆಯೋ ಭಯ ಜಾಸ್ತಿ, ಕಡಿಮೆ ಅಲ್ಲ. ಕಲೆ ಹೆಚ್ಚಾದ್ರೆ, ಬಿದ್ರೆ, ತಕ್ಷಣ ತೋರಿಸಿ. ನೀವೇ ನಿಲ್ಲಿಸ್ಬೇಡಿ.”

ಮಾತ್ರೆ ಮತ್ತೆ ಶುರುವಾಯಿತು. “ಇನ್ನು ನಾನೇ ಇದ್ದು ನೋಡ್ತೀನಿ,” ಎಂದು ಮಗಳು ಕಾವಲಿಗೆ ಕೂತಳು, ಕಳ್ಳನನ್ನು ಹಿಡಿಯುವವಳಂತೆ. ಒಂದು ಸಂಜೆ ಬಚ್ಚಲ ಬಾಗಿಲಲ್ಲಿ ಅಮ್ಮ ವಾಲಿದಾಗ ತೋಳು ಹಿಡಿದು ತಡೆದಳು, ಅಷ್ಟೇ. ಬೆಳಿಗ್ಗೆ ಅಂಗಿಯ ತೋಳು ಸರಿಸಿದರೆ ನೇರಳೆ ಬೆರಳುಗಳು. ತನ್ನ ಕೈಯನ್ನು ಅವುಗಳ ಮೇಲಿಟ್ಟು ನೋಡಿದಳು. ಅಳತೆ ತೆಗೆದ ಹಾಗೆ ಕೂತಿತು.

ಸೊಸೆ ನೋಡಿದಳು. ನಾಲಿಗೆ ತುದಿಗೆ ಬಂದದ್ದನ್ನು ನುಂಗಲಿಲ್ಲ. “ಮಾತ್ರೆಗೆ ಬೆರಳಿದ್ಯಾ ಅಕ್ಕ?”

ಮಗಳು ಮೆಷಿನ್ ಮೇಲಿದ್ದ ಕತ್ತರಿಯನ್ನು ಸೊಸೆಯ ಕೈಗಿಟ್ಟಳು. “ಅಂಗಿ ತೋಳು ಗಿಡ್ಡ ಮಾಡು.”

ಆಮೇಲೆ ಅಮ್ಮನನ್ನು ಬಾಗಿಲ ಮುಂದಿನ ಕುರ್ಚಿಯಲ್ಲಿ ಬೀದಿಗೆ ಮುಖ ಮಾಡಿ ಕೂರಿಸಿದಳು. ಎದುರುಮನೆಯಾಕೆ ಕತ್ತು ಉದ್ದ ಮಾಡಿದಳು. “ಅಯ್ಯಯ್ಯೋ! ಮತ್ತೆ ಯಾರ ಕೈ ಗುರುತಮ್ಮ ಅದು?”

“ನಂದೇ,” ಎಂದಳು ಮಗಳು ಬೀದಿಗೆಲ್ಲ ಕೇಳುವಂತೆ, ಅಮ್ಮನ ಅಂಗೈಗೆ ಮಾತ್ರೆ ಹಾಕುತ್ತ.

ಮುದುಕಿ ಅದನ್ನು ಬಾಯಿಗೆ ಎಸೆದುಕೊಂಡಳು. “ನೀರು ಕೊಡ್ತೀರೋ, ಇಲ್ಲ ಅದಕ್ಕೂ ಪಂಚಾಯ್ತಿ ಮಾಡ್ತೀರೋ?”